ಪುಕ್ಕಟೆ ನ್ಯಾಯಾಧೀಶರು

"ಆಟವಾಡಿದವನು ತೀರ್ಪು ಹೇಳಬಾರದು" ಎಂಬ ಮಾತೊಂದು ಈಚೆಗೆ ನಮ್ಮ ಮನೆಯ ಜಗುಲಿಯ ಮೇಲೆ ಹುಟ್ಟಿತು. ಹೇಳಿದವರು ನನ್ನ ನೆರೆಯವರು. ಭಾನುವಾರ ಸಂಜೆ ಟೆಲಿವಿಷನ್ನಿನ ಮುಂದೆ ಕುಳಿತು ಫಾರ್ಮುಲಾ ಒನ್ ಮೋಟಾರು ಪಂದ್ಯ ನೋಡುವ ಚಟವುಳ್ಳವರು. ಅವರ ಕೋಪವೆಲ್ಲ ಜಾನಿ ಹರ್ಬರ್ಟ್ ಎಂಬ ಇಂಗ್ಲಿಷಿನವನ ಮೇಲೆ. ಚಾಲಕನಾಗಿದ್ದ ಆತ ಮುಂದೆ ಪಂದ್ಯದ ತೀರ್ಪುಗಾರನಾದ. 2025ರ ಜನವರಿಯಲ್ಲಿ ಆ ಸ್ಥಾನವನ್ನು ಕಳೆದುಕೊಂಡ. "ಹೋದದ್ದೆ ಒಳ್ಳೆಯದಾಯಿತು" ಎಂದರು ನೆರೆಯವರು. ಕಾಫಿ ಆರಿತು, ವಾದ ಆರಲಿಲ್ಲ. ಅಂದು ಹೇಳದೆ ಉಳಿದದ್ದನ್ನು ಇಲ್ಲಿ ಹೇಳುತ್ತೇನೆ.

ಮೊದಲು ಆ ಮನುಷ್ಯ ಯಾರೆಂದು ನೋಡೋಣ. 1988ರಲ್ಲಿ ಬ್ರಾಂಡ್ಸ್ ಹ್ಯಾಚ್‌ನ ಓಟದಲ್ಲಿ ಆತನ ಎರಡು ಪಾದಗಳೂ ನುಜ್ಜುಗುಜ್ಜಾದವು. ಇನ್ನು ನಡೆದರೆ ಸಾಕು ಎಂಬ ಸ್ಥಿತಿ. ಆದರೆ ಮರುವರ್ಷದ ಮಾರ್ಚಿನಲ್ಲಿ, ಕುಂಟುತ್ತಲೆ ಬ್ರೆಜಿಲ್ಲಿನಲ್ಲಿ ಫಾರ್ಮುಲಾ ಒನ್ ಕಾರು ಹತ್ತಿ ನಾಲ್ಕನೆಯವನಾಗಿ ಬಂದ. 1991ರಲ್ಲಿ ಲ ಮಾನ್ಸ್‌ನ 24 ಗಂಟೆಗಳ ಓಟವನ್ನು ಮಾಜ್ದಾ ಕಾರಿನಲ್ಲಿ ಇನ್ನಿಬ್ಬರ ಜೊತೆಗೂಡಿ ಗೆದ್ದ. ಫಾರ್ಮುಲಾ ಒನ್‌ನಲ್ಲಿ ಸುಮಾರು 160 ಓಟ, ಮೂರು ಗೆಲುವು. ಮಹಾಪುರುಷನಲ್ಲ, ಆದರೆ ಚಕ್ರಗಳು ಬಯಲಾದ ಆ ಕಾರಿನೊಳಗೆ ಕುಳಿತವನಿಗೆ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಎಂಬುದನ್ನು ಮೈಮೂಳೆಯ ಬೆಲೆ ತೆತ್ತು ಕಲಿತವನು.

ಇಂಥ ಅನುಭವ ಬೇಕೆಂದೇ 2010ರಿಂದ ತೀರ್ಪುಗಾರರ ಮಂಡಲಿಯಲ್ಲಿ ಒಬ್ಬ ಹಳೆಯ ಚಾಲಕನನ್ನು ಕೂರಿಸುವ ಪದ್ಧತಿ ಬಂತು. ಎರಡು ಕಾರುಗಳು ಒಂದೇ ತಿರುವಿಗೆ ನುಗ್ಗಿದಾಗ ಹಿಂದಿನವನು ಬ್ರೇಕು ಹಾಕಬಹುದಾಗಿತ್ತೆ, ಅಥವಾ ಬೇಕೆಂದೇ ಹಾಕಲಿಲ್ಲವೆ? ನಿಯಮದ ಪುಸ್ತಕ ಇದನ್ನು ಹೇಳಲಾರದು. ಯಂತ್ರ ಕೊಡುವ ಅಂಕಿಗಳನ್ನಾದರೂ ಓದಿ ಅರ್ಥಮಾಡಬೇಕಾದವನು ಆ ತಿರುವಿನ ಭಯವನ್ನು ಬಲ್ಲವನೆ.

"ಆದರೆ ಹಳೆಯ ಹಗೆ ಇರುತ್ತದಲ್ಲ!" ಎಂಬುದು ನೆರೆಯವರ ವಾದ. 2010ರ ಮೊನಾಕೊ ಪಂದ್ಯವನ್ನು ಅವರು ನೆನಪಿಸಿದರು. ಕೊನೆಯ ಸುತ್ತಿನಲ್ಲಿ ಷೂಮಾಕರ್ ಅಲೊನ್ಸೊನನ್ನು ದಾಟಿ ಆರನೆಯವನಾದ. ತೀರ್ಪುಗಾರರು 20 ಸೆಕೆಂಡು ಸೇರಿಸಿ ಹನ್ನೆರಡನೆಯ ಸ್ಥಾನಕ್ಕೆ ಇಳಿಸಿದರು. ಆ ಮಂಡಲಿಯಲ್ಲಿದ್ದವನು ಡೇಮನ್ ಹಿಲ್. 1994ರಲ್ಲಿ ಅಡಿಲೇಡ್‌ನಲ್ಲಿ ಇದೇ ಷೂಮಾಕರನ ಕಾರಿಗೆ ಡಿಕ್ಕಿಯಾಗಿ ವಿಶ್ವಪದವಿಯನ್ನು ಕಳೆದುಕೊಂಡವನು! ಬೈಗುಳದ ಪತ್ರಗಳು ಅವನಿಗೆ ಬಂದುದರಲ್ಲಿ ಆಶ್ಚರ್ಯವಿಲ್ಲ.

ಆದರೆ ಹಗೆಯ ಲೆಕ್ಕ ಹಿಡಿದು ಹೊರಟರೆ ಯಾರು ಉಳಿದಾರು? ಹರ್ಬರ್ಟನನ್ನೇ ನೋಡಿ. 2024ರ ಅಕ್ಟೋಬರಿನಲ್ಲಿ ಮೆಕ್ಸಿಕೊದಲ್ಲಿ ಮ್ಯಾಕ್ಸ್ ವರ್ಸ್ಟಾಪನ್‌ಗೆ ಹತ್ತು ಹತ್ತು ಸೆಕೆಂಡಿನ ಎರಡು ದಂಡ ಬಿದ್ದಾಗ ಆತ ಮಂಡಲಿಯಲ್ಲಿದ್ದ. ದಂಡಕ್ಕೆ ಕಾರಣ ಇಂಗ್ಲೆಂಡಿನ ನಾರಿಸ್‌ನೊಡನೆ ನಡೆದ ಸೆಣಸಾಟ. ತೀರ್ಪುಗಾರರ ಆಯ್ಕೆಯನ್ನೇ ಪ್ರಶ್ನಿಸಿದವರಲ್ಲಿ ಮ್ಯಾಕ್ಸ್‌ನ ತಂದೆ ಯೋಸ್ ಕೂಡ ಒಬ್ಬ. 1994ರ ಕೊನೆಯಲ್ಲಿ ಬೆನೆಟನ್ ತಂಡದಲ್ಲಿ ಈ ಯೋಸ್‌ನ ಕಾರಿಗೆ ಬಂದು ಕುಳಿತವನು ಯಾರು? ಹರ್ಬರ್ಟ್! 1995ರಲ್ಲಿ ಸಿಲ್ವರ್‌ಸ್ಟೋನ್‌ನಲ್ಲಿ ಹರ್ಬರ್ಟ್ ಮೊದಲ ಸಲ ಗೆದ್ದದ್ದು ಹೇಗೆ? ಹಿಲ್, ಷೂಮಾಕರ್ ಡಿಕ್ಕಿಯಾಗಿ ಹೊರಬಿದ್ದರು. ಮುಂದಿದ್ದ ಕೂಲ್ಟಾರ್ಡ್‌ಗೆ ದಂಡ ಬಿತ್ತು. ಒಂದೇ ಊರಿನ ನಾಲ್ಕು ಮನೆಗಳ ಸಂಬಂಧದ ಹಾಗೆ ಎಲ್ಲರೂ ಎಲ್ಲರಿಗೂ ಒಂದಲ್ಲ ಒಂದು ಬಗೆಯಲ್ಲಿ ಅಂಟಿದವರೆ. ಯಾವ ಅಂಟೂ ಇಲ್ಲದವನು ಬೇಕೆಂದರೆ ಆಟವನ್ನೇ ಅರಿಯದವನನ್ನು ತರಬೇಕು. ಮೇಲಾಗಿ ಆ ತೀರ್ಪು ಒಬ್ಬನದಲ್ಲ, ಮಂಡಲಿಯದು.

ನಾನೂ ಒಮ್ಮೆ ಬಡಾವಣೆಯ ಕ್ರಿಕೆಟ್ ಪಂದ್ಯಕ್ಕೆ ಅಂಪೈರಾಗಿ ನಿಂತಿದ್ದೆ. ಎಲ್‌ಬಿಡಬ್ಲ್ಯು ಕೊಟ್ಟದ್ದು ನನ್ನ ಭಾವಮೈದುನನಿಗೆ. ಒಂದು ಕಡೆಯವರು "ಮನೆಯ ಜಗಳ ಮೈದಾನಕ್ಕೆ ತಂದ" ಎಂದರು. ಇನ್ನೊಂದು ಕಡೆಯವರು "ಪ್ರಾಮಾಣಿಕತೆಯ ಪ್ರದರ್ಶನ" ಎಂದು ನಕ್ಕರು. ಚೆಂಡು ವಿಕೆಟ್ಟಿಗೆ ಬಡಿಯುತ್ತಿತ್ತೊ ಇಲ್ಲವೊ, ಅದನ್ನು ಕೇಳಿದವರು ಯಾರೂ ಇಲ್ಲ! ಪಕ್ಷಪಾತದ ಆರೋಪಕ್ಕೆ ಇದೇ ಅನುಕೂಲ: ತೀರ್ಪು ಸರಿಯೆ ಎಂದು ಯೋಚಿಸುವ ಶ್ರಮ ತಪ್ಪುತ್ತದೆ.

ಹರ್ಬರ್ಟ್ ತಪ್ಪೇ ಮಾಡಲಿಲ್ಲವೆ? ಮಾಡಿದ. ಮೆಕ್ಸಿಕೊದ ತೀರ್ಪಿನ ಬಳಿಕ ಅದೇ ಚಾಲಕನ ನಡತೆಯನ್ನು ಬಹಿರಂಗವಾಗಿ ವಿಮರ್ಶಿಸಿದ. ಪೀಠದಿಂದ ಇಳಿದ ನ್ಯಾಯಾಧೀಶ ಬೀದಿಯಲ್ಲಿ ನಿಂತು ಆರೋಪಿಯ ಸ್ವಭಾವವನ್ನು ವರ್ಣಿಸಿದರೆ ಹಿಂದಿನ ತೀರ್ಪಿನ ಮೇಲೂ ಮಸಿ ಬೀಳುತ್ತದೆ. ಇದನ್ನು ನಾನು ಸಮರ್ಥಿಸಲಾರೆ. ತೀರ್ಪುಗಾರಿಕೆಗೂ ಮಾಧ್ಯಮದ ವ್ಯಾಖ್ಯಾನಕ್ಕೂ ಹೊಂದಿಕೆಯಾಗದು ಎಂದು ಅಂತರರಾಷ್ಟ್ರೀಯ ಮೋಟಾರು ಒಕ್ಕೂಟ ಹೇಳಿದ್ದು ಸರಿಯಾದ ಮಾತು.

ಆದರೆ ಆ ಸರಿಯಾದ ಮಾತನ್ನು ಹೇಳುವ ಹಕ್ಕು ಆ ಒಕ್ಕೂಟಕ್ಕೆ ಇತ್ತೆ? ನನ್ನ ತಕರಾರು ಇಲ್ಲಿದೆ. ಈ ತೀರ್ಪುಗಾರರು ಸ್ವಯಂಸೇವಕರು. ಪ್ರಯಾಣ, ವಸತಿಯ ಖರ್ಚು ಸಿಕ್ಕೀತು, ಸಂಬಳವಿಲ್ಲ. 2023ರಲ್ಲಿ ಇದೇ ಒಕ್ಕೂಟ ತೀರ್ಪುಗಾರರು ವಿಧಿಸಬಹುದಾದ ದಂಡದ ಮಿತಿಯನ್ನು ಎರಡೂವರೆ ಲಕ್ಷ ಯೂರೊದಿಂದ ಹತ್ತು ಲಕ್ಷ ಯೂರೊಗೆ ಏರಿಸಿತು. ಹತ್ತು ಲಕ್ಷ ದಂಡ ಬರೆಯುವ ಕೈಗೆ ತಿಂಗಳ ಸಂಬಳ ಸೊನ್ನೆ! ಬದುಕಿಗೆ ಬೇರೆ ದಾರಿ ನೋಡಿಕೊ ಎಂದು ಮೊದಲೇ ಹೇಳಿ, ಆತ ನೋಡಿಕೊಂಡ ದಾರಿಯನ್ನೇ ಅಪರಾಧವೆಂದು ಎತ್ತಿ ತೋರಿಸುವುದು ಯಾವ ನ್ಯಾಯ?

ಹರ್ಬರ್ಟ್ ಹೋದರೂ ರೋಗ ಹೋಗಲಿಲ್ಲ. ಅದೇ ವರ್ಷದ ಜೂನಿನಲ್ಲಿ ಇನ್ನೊಬ್ಬ ಹಳೆಯ ಚಾಲಕ ತೀರ್ಪುಗಾರ, ಡೆರೆಕ್ ವಾರ್ವಿಕ್, ಮಾಧ್ಯಮಕ್ಕೆ ಆಡಿದ ಮಾತಿಗಾಗಿ ಕೆನಡಾದ ಪಂದ್ಯದಿಂದ ಹೊರಗುಳಿಯಬೇಕಾಯಿತು. ಕ್ಷಮೆ ಕೇಳಿ ಮರಳಿದ. ಇಬ್ಬರು ಒಂದೇ ಕಲ್ಲಿಗೆ ಎಡವಿದರೆ ಎಡವಿದವರನ್ನು ಬೈಯುವುದೊ, ಕಲ್ಲನ್ನು ಕೀಳುವುದೊ?

ಕೀಳುವ ಬಗೆಯನ್ನು ಕ್ರಿಕೆಟ್ ಬಲ್ಲದು. ಮೈಸೂರಿನ ಜಾವಗಲ್ ಶ್ರೀನಾಥ್ ಚೆಂಡು ಕೆಳಗಿಟ್ಟ ಮೇಲೆ 2006ರಿಂದ ಅಂತರರಾಷ್ಟ್ರೀಯ ಮ್ಯಾಚ್ ರೆಫರಿ. ಅದು ಬಿಡುವಿನ ವೇಳೆಯ ಸೇವೆಯಲ್ಲ, ವೃತ್ತಿ. ವೃತ್ತಿಯೆಂದಮೇಲೆ "ಬಾಯಿ ಮುಚ್ಚಿಕೊಂಡಿರು" ಎಂದು ಹೇಳಲು ಯಜಮಾನನಿಗೆ ಹಕ್ಕು ಬರುತ್ತದೆ. ಮೋಟಾರು ಒಕ್ಕೂಟವೂ ಹಳೆಯ ಚಾಲಕರನ್ನು ಸಂಬಳ ಕೊಟ್ಟು ಇಟ್ಟುಕೊಳ್ಳಲಿ; ಇಡೀ ಋತುವಿಗೆ ನೇಮಿಸಲಿ; ಆಮೇಲೆ ಮೌನವನ್ನು ಕೇಳಲಿ.

ನೆರೆಯವರಿಗೆ ಇದನ್ನೆಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆದರೂ ಆ ದಂಡ ಹೆಚ್ಚಾಯಿತು" ಎಂದರು. ಸಂತೋಷ! ಈಗ ತೀರ್ಪಿನ ವಿಚಾರ ಮಾತಾಡೋಣ. ತೀರ್ಪುಗಾರನ ಜಾತಕವನ್ನಲ್ಲ.