ಬಿಲ್ಲು ಕಟ್ಟಿದವನು ಕೋರ್ಟಿನಲ್ಲಿ ಎಲ್ಲಿದ್ದ?



ಊರ ಕೆರೆಯ ಮೀನಿನ ಹರಾಜು ಹೇಗೆ ನಡೆಯುತ್ತೆ ಅಂತ ನಿಮಗೆ ಹೇಳಿಕೊಡಬೇಕಿಲ್ಲ. ತಮಟೆ ಹೊಡೆದು ಊರಿಗೆಲ್ಲ ಸಾರುತ್ತಾರೆ. ಹೊಡೆಯುವವನು ನಮ್ಮವನೇ. ಹರಾಜುದಾರ ಮೂರು ಸಲ ಕೂಗುತ್ತಾನೆ. ಯಾರೂ ಮೇಲಕ್ಕೆ ಏರಿಸುವುದಿಲ್ಲ. ಯಾಕಂದ್ರೆ ಹಿಂದಿನ ರಾತ್ರಿಯೇ ನಾಲ್ಕು ಜನ ದೊಡ್ಡವರು ಕೂತು, ಈ ವರ್ಷ ಕೆರೆ ನಿನಗೆ, ಹುಣಸೆ ತೋಪು ನನಗೆ, ಮುಂದಿನ ವರ್ಷ ಅದಲುಬದಲು ಅಂತ ಹಂಚಿಕೊಂಡಿರುತ್ತಾರೆ. ಹರಾಜು ಅನ್ನೋದು ಬರೀ ಶಾಸ್ತ್ರ. ನಷ್ಟ ಊರಿಗೆ.

ಈ ವಿದ್ಯೆ ನಮ್ಮ ಹಳ್ಳಿಯ ದಣಿಗಳಿಗೆ ಮಾತ್ರ ಗೊತ್ತು ಅಂದುಕೊಂಡಿದ್ದರೆ ಅದನ್ನು ಬಿಡಿ. ಪ್ರಪಂಚದ ಅತಿ ದೊಡ್ಡ ಕಂಪನಿಗಳು ಅಮೆರಿಕದಲ್ಲಿ ಇದನ್ನೇ ವರ್ಷಗಟ್ಟಲೆ ಮಾಡಿದವು. ನಮ್ಮೂರಲ್ಲಿ ಕೊಳ್ಳುವವರು ಕೂಡಿ ಬೆಲೆ ಇಳಿಸಿದರೆ, ಅಲ್ಲಿ ಮಾರುವವರು ಕೂಡಿ ಬೆಲೆ ಏರಿಸಿದರು. ಸಿಕ್ಕಿಬಿದ್ದರು. ಕೋರ್ಟಿಗೆ ಹೋದರು. ಆ ಮೊಕದ್ದಮೆಗಳ ಕಥೆಯನ್ನು ಕಾನೂನು ಓದುವ ಹುಡುಗರು ಮಾತ್ರವಲ್ಲ, ಹಾಸ್ಟೆಲಿನ ಪ್ರತಿಯೊಬ್ಬರೂ ತಿಳಿಯಬೇಕು.

ಟೆನೆಸ್ಸಿ ಕಣಿವೆ ಪ್ರಾಧಿಕಾರ, ಅಂದರೆ ಟಿವಿಎ, 1933ರಲ್ಲಿ ಹುಟ್ಟಿದ ಸರ್ಕಾರಿ ಸಂಸ್ಥೆ. ನದಿಗೆ ಅಣೆಕಟ್ಟು ಕಟ್ಟಿ, ಬಡ ಕಣಿವೆಗೆ ಅಗ್ಗದ ಕರೆಂಟು ಕೊಡಲು ಮಾಡಿದ್ದು. ಈ ಹೆಸರು ನಮಗೆ ಹೊರಗಿನದೇನಲ್ಲ. 1942ರಿಂದ 1946ರವರೆಗೆ ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ಹೊತ್ತಿದ್ದ ಬಾಬಾಸಾಹೇಬ್ ಅಂಬೇಡ್ಕರರು ದಾಮೋದರ ಕಣಿವೆ ಯೋಜನೆಯ ಕೆಲಸ ಮಾಡುವಾಗ ಟಿವಿಎಯೇ ಮಾದರಿಯಾಗಿತ್ತು. ಅಲ್ಲಿಯ ಇಂಜಿನಿಯರ್ ವೂರ್ಡುಯಿನ್ ಇಲ್ಲಿಗೆ ಬಂದು ಅದರ ರೂಪುರೇಷೆ ತಯಾರಿಸಿದರು. 1948ರಲ್ಲಿ ದಾಮೋದರ ಕಣಿವೆ ನಿಗಮ ಹುಟ್ಟಿತು. ಕರೆಂಟು ಅಗ್ಗವಾಗಿ, ಧಾರಾಳವಾಗಿ ಸಿಗದೆ ಈ ದೇಶದ ಬಡತನ ಹೋಗುವುದಿಲ್ಲ ಎಂದು 1943ರಲ್ಲೇ ಬಾಬಾಸಾಹೇಬರು ವಾದಿಸಿದ್ದರು. ಕರೆಂಟಿನ ಬೆಲೆ ಬಡವನ ಪ್ರಶ್ನೆ ಅನ್ನೋದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ?

ಈಗ ಕಥೆಗೆ ಬನ್ನಿ. ಟಿವಿಎ ಟ್ರಾನ್ಸ್‌ಫಾರ್ಮರು, ಸ್ವಿಚ್‌ಗೇರು, ಟರ್ಬೈನುಗಳಿಗೆ ಸೀಲು ಹಾಕಿದ ಟೆಂಡರು ಕರೆಯುತ್ತಿತ್ತು. ಲಕೋಟೆ ಒಡೆದು ನೋಡಿದರೆ ಬೇರೆ ಬೇರೆ ಕಂಪನಿಗಳ ದರ ಸೆಂಟಿನವರೆಗೆ ಒಂದೇ! ಒಂದು ಸಲ ಆದರೆ ಕಾಕತಾಳೀಯ ಅನ್ನಬಹುದು. ಮತ್ತೆ ಮತ್ತೆ ಆದರೆ? 1959ರ ಆರಂಭದಲ್ಲಿ ಕೋಲ್ಬರ್ಟ್ ಸ್ಥಾವರಕ್ಕೆ ದೊಡ್ಡ ಟರ್ಬೈನು ಬೇಕಾಯಿತು. ಜನರಲ್ ಎಲೆಕ್ಟ್ರಿಕ್, ವೆಸ್ಟಿಂಗ್‌ಹೌಸ್ ಕಂಪನಿಗಳು ಸುಮಾರು 1 ಕೋಟಿ 75 ಲಕ್ಷ ಡಾಲರ್ ಕೇಳಿದವು. ಇಂಗ್ಲೆಂಡಿನ ಪಾರ್ಸನ್ಸ್ ಕಂಪನಿ ಸುಮಾರು 1 ಕೋಟಿ 20 ಲಕ್ಷಕ್ಕೆ ಒಪ್ಪಿತು. ಟಿವಿಎ ಪಾರ್ಸನ್ಸ್‌ಗೆ ಕೊಟ್ಟಿತು. ಆಗ ಅಮೆರಿಕದ ಕಂಪನಿಗಳು ಏನಂದವು ಗೊತ್ತೆ? ಪರದೇಶದಿಂದ ಕೊಂಡರೆ ರಾಷ್ಟ್ರದ ಭದ್ರತೆಗೆ ಅಪಾಯ! ಬಂಡವಾಳಗಾರರ ಲಾಭಕ್ಕೆ ಕೈಯಿಟ್ಟ ಕೂಡಲೇ ದೇಶಭಕ್ತಿ ನೆನಪಿಗೆ ಬರುವುದು ಎಲ್ಲ ದೇಶದಲ್ಲೂ ಉಂಟು.

ಟಿವಿಎ ಒಂದು ಒಳ್ಳೆಯ ಕೆಲಸ ಮಾಡಿತು. ಯಾರು ಯಾವ ದರ ಹಾಕಿದರು ಅನ್ನೋದನ್ನ ಮುಚ್ಚಿಡಲಿಲ್ಲ, ಪ್ರಕಟಿಸಿತು. ನಾಕ್ಸ್‌ವಿಲ್ ಊರಿನ ಪತ್ರಿಕೆಯ ವರದಿಗಾರ ಜೂಲಿಯನ್ ಗ್ರೇಂಜರ್ ಆ ಪಟ್ಟಿ ಓದಿ, ಇದೇನಿದು ಅಂತ 1959ರ ಮೇ ತಿಂಗಳಲ್ಲಿ ಬರೆದ. ಸೆನೆಟರ್ ಕೀಫಾವರ್ ಅದೇ ಊರಿಗೆ ಬಂದು ವಿಚಾರಣೆ ನಡೆಸಿದರು. ಫಿಲಡೆಲ್ಫಿಯಾದಲ್ಲಿ ಸರ್ಕಾರ ಗ್ರ್ಯಾಂಡ್ ಜ್ಯೂರಿಯ ಮುಂದೆ ಸಾಕ್ಷಿ ಎಳೆಯಿತು. ಆಗ ಒಬ್ಬೊಬ್ಬರೇ ಬಾಯಿ ಬಿಟ್ಟರು.

ಬಾಯಿ ಬಿಟ್ಟಾಗ ಹೊರಬಂದದ್ದು ಸಿನಿಮಾ ಕಥೆಯಂತಿತ್ತು. ಕೋಟು ಹಾಕಿದ ದೊಡ್ಡ ಅಧಿಕಾರಿಗಳು ಹೋಟೆಲು ರೂಮುಗಳಲ್ಲಿ ಗುಟ್ಟಾಗಿ ಕೂಡುತ್ತಿದ್ದರು. ಸಭೆಗೆ ಅವರ ಗುಪ್ತ ಹೆಸರು 'ಭಜನೆ ಅಭ್ಯಾಸ' ಅನ್ನುವ ಥರದ್ದು, ಚರ್ಚಿನ ಹಾಡುಗಾರರ ತಾಲೀಮು ಅಂತ. ಹಾಜರಾತಿ ಪಟ್ಟಿಗೆ 'ಕ್ರಿಸ್‌ಮಸ್ ಕಾರ್ಡಿನ ಪಟ್ಟಿ' ಅಂತ ಹೆಸರು. ಕಂಪನಿಗಳಿಗೆ ಅಂಕಿಯ ಗುರುತು. ಕಾಗದ ಹೋಗುತ್ತಿದ್ದದ್ದು ಮನೆಗೆ, ಕಳಿಸಿದವರ ವಿಳಾಸ ಇಲ್ಲದೆ. ಮಾತಾಡುತ್ತಿದ್ದದ್ದು ರಸ್ತೆಬದಿಯ ಸಾರ್ವಜನಿಕ ಫೋನಿನಲ್ಲಿ. ಸ್ವಿಚ್‌ಗೇರಿನ ಟೆಂಡರಿಗೆ ಒಂದು ಕೋಷ್ಟಕವನ್ನೇ ಮಾಡಿಕೊಂಡಿದ್ದರು: ಎರಡು ವಾರಕ್ಕೊಮ್ಮೆ ಕಡಿಮೆ ದರ ಹಾಕುವ ಸರದಿ ಬದಲಾಗಬೇಕು. ಅದಕ್ಕೆ 'ಚಂದ್ರನ ಕಲೆಗಳು' ಅಂತ ಹೆಸರು. ಅಮಾವಾಸ್ಯೆ ಹುಣ್ಣಿಮೆ ನೋಡಿ ಕಳ್ಳತನ ಮಾಡೋ ಕಳ್ಳರನ್ನು ಕೇಳಿದ್ದೇವೆ. ಪಂಚಾಂಗವನ್ನೇ ಬರೆದುಕೊಂಡು ಮಾಡಿದವರು ಇವರು.

ಈ ಸಂಚು ಮುಟ್ಟಿದ ಸರಕಿನ ವ್ಯಾಪಾರ ವರ್ಷಕ್ಕೆ ಸುಮಾರು 175 ಕೋಟಿ ಡಾಲರು. 1961ರ ಫೆಬ್ರವರಿ 6 ಮತ್ತು 7ರಂದು ನ್ಯಾಯಾಧೀಶ ಗೇನಿ ಶಿಕ್ಷೆ ಹೇಳಿದರು. 29 ಕಂಪನಿ, ನಲವತ್ತಕ್ಕೂ ಹೆಚ್ಚು ಅಧಿಕಾರಿಗಳು. ಎಲ್ಲರ ದಂಡ ಸೇರಿಸಿದರೂ 20 ಲಕ್ಷ ಡಾಲರು ಮುಟ್ಟಲಿಲ್ಲ. ಜನರಲ್ ಎಲೆಕ್ಟ್ರಿಕ್ ಪಾಲಿಗೆ ಬಂದದ್ದು 4,37,500 ಡಾಲರು. ಆ ಕಂಪನಿಯ ಆಗಿನ ವಾರ್ಷಿಕ ಮಾರಾಟ 400 ಕೋಟಿ ಡಾಲರಿಗೂ ಮೇಲೆ. ಜೈಲಿಗೆ ಹೋದವರು ಏಳು ಜನ, ತಲಾ 30 ದಿನ. ನಿಜವಾದ ಹೊಣೆ ಕಂಪನಿಗಳ ಮೇಲೂ ಅವುಗಳನ್ನು ನಡೆಸುವವರ ಮೇಲೂ ಇದೆ ಎಂದು ನ್ಯಾಯಾಧೀಶರೇ ಹೇಳಿದರು. ಆದರೆ ಅತಿ ಮೇಲಿನ ಕುರ್ಚಿಯವರು, ನಮಗೇನೂ ಗೊತ್ತಿರಲಿಲ್ಲ, ನಾವು ಬೇಡ ಅಂತ ಲಿಖಿತ ಸುತ್ತೋಲೆ ಹೊರಡಿಸಿದ್ದೆವು ಅಂದು ಪಾರಾದರು.

ಕಥೆ ಇಲ್ಲಿಗೆ ಮುಗಿಯಲಿಲ್ಲ. ಅಮೆರಿಕದ 1914ರ ಕ್ಲೇಟನ್ ಕಾಯ್ದೆಯಲ್ಲಿ ಒಂದು ಹಲ್ಲಿದೆ. ಇಂಥ ಸಂಚಿನಿಂದ ನಷ್ಟವಾದವನು ಕೋರ್ಟಿಗೆ ಹೋಗಿ ನಷ್ಟದ ಮೂರು ಪಟ್ಟು ಕೇಳಬಹುದು. ಕ್ರಿಮಿನಲ್ ಕೇಸಿನಲ್ಲಿ ತಪ್ಪು ಸಾಬೀತಾದರೆ ಅದೇ ತೀರ್ಪು ಇಲ್ಲಿ ಸಾಕ್ಷಿ ಆಗುತ್ತೆ. ಅದಕ್ಕೇ ಕಂಪನಿಗಳು, ತಪ್ಪೂ ಒಪ್ಪೋದಿಲ್ಲ, ವಾದವೂ ಮಾಡೋದಿಲ್ಲ, ದಂಡ ಹಾಕಿಬಿಡಿ ಅಂತ ಬೇಡಿಕೊಂಡವು. ಮುಖ್ಯ ಕೇಸುಗಳಲ್ಲಿ ಸರ್ಕಾರವೂ ನ್ಯಾಯಾಧೀಶರೂ ಒಪ್ಪಲಿಲ್ಲ. ತಪ್ಪು ಒಪ್ಪಲೇಬೇಕಾಯಿತು. ಬಾಗಿಲು ತೆರೆಯಿತು.

ಆ ಬಾಗಿಲಲ್ಲಿ ನುಗ್ಗಿದವು 1,800ಕ್ಕೂ ಹೆಚ್ಚು ದಾವೆಗಳು. ಟಿವಿಎ, ಖಾಸಗಿ ವಿದ್ಯುತ್ ಕಂಪನಿಗಳು, ಕಾನ್ಸಾಸ್ ಸಿಟಿ, ಬರ್ಲಿಂಗ್‌ಟನ್‌ನಂಥ ನಗರಸಭೆಗಳು. ಮೂವತ್ತಕ್ಕೂ ಹೆಚ್ಚು ಜಿಲ್ಲಾ ನ್ಯಾಯಾಲಯಗಳಲ್ಲಿ ಒಂದೇ ಸಾಕ್ಷಿ, ಒಂದೇ ಕಾಗದ. ಇದನ್ನು ನಿಭಾಯಿಸಲಿಕ್ಕೆ 1962ರಲ್ಲಿ ನ್ಯಾಯಾಧೀಶರ ಒಂದು ಸಮಿತಿಯನ್ನೇ ಮಾಡಬೇಕಾಯಿತು. ಆ ಅನುಭವದಿಂದಲೇ 1968ರಲ್ಲಿ ಹೊಸ ಕಾನೂನು ಬಂತು.

ಕಂಪನಿಗಳ ವಕೀಲರು ಎರಡು ದೊಡ್ಡ ವಾದ ಹೂಡಿದರು. ಮೊದಲನೆಯದು: ನಾಲ್ಕು ವರ್ಷದ ಗಡುವು ದಾಟಿದೆ, ಹಳೆಯದನ್ನು ಕೆದಕಬೇಡಿ. ಕೋರ್ಟುಗಳು ಕೇಳಿದವು, ಬಚ್ಚಿಟ್ಟವನೇ ನೀನು, ತಡವಾಗಿ ಗೊತ್ತಾಯಿತು ಅಂತ ದೂರುವವನೂ ನೀನೇನಾ? ಕಾನ್ಸಾಸ್ ಸಿಟಿಯ ಕೇಸಿನಲ್ಲಿ 1962ರಲ್ಲಿ, ಬರ್ಲಿಂಗ್‌ಟನ್ ಕೇಸಿನಲ್ಲಿ 1964ರಲ್ಲಿ, ಸಂಚು ಮುಚ್ಚಿಟ್ಟಷ್ಟು ಕಾಲ ಗಡುವು ಓಡುವುದಿಲ್ಲ ಎಂದು ಮೇಲಿನ ಕೋರ್ಟುಗಳು ಹೇಳಿದವು. ನಗರಸಭೆಗಳು ಗೆದ್ದ ದೊಡ್ಡ ಮಾತಿದು.

ಎರಡನೆಯ ವಾದವನ್ನು ಗಮನವಿಟ್ಟು ಓದಿ. ಕಂಪನಿಗಳು ಅಂದದ್ದು ಇಷ್ಟು: ಈ ವಿದ್ಯುತ್ ಸಂಸ್ಥೆಗಳಿಗೆ ನಷ್ಟವೇ ಆಗಿಲ್ಲ ಸ್ವಾಮಿ. ನಾವು ಜಾಸ್ತಿ ಬೆಲೆಗೆ ಮಾರಿದೆವು, ನಿಜ. ಅವರು ಆ ಜಾಸ್ತಿಯನ್ನು ಯೂನಿಟ್ ದರದಲ್ಲಿ ಸೇರಿಸಿ ಜನರಿಂದ ವಸೂಲಿ ಮಾಡಿದ್ದಾರೆ. ಮತ್ತೆ ಅವರಿಗೇಕೆ ಪರಿಹಾರ?

ನೋಡಿದಿರಾ! ಕಳ್ಳನ ಬಾಯಲ್ಲೇ ಸತ್ಯ ಬಂತು. ಹಣ ಕಟ್ಟಿದವನು ಲೈಟು ಬಿಲ್ಲು ಕಟ್ಟುವ ಮನೆಯವನು ಅಂತ ಕಳ್ಳನೇ ಒಪ್ಪಿದ. ಆದರೆ ಅದನ್ನು ಹೇಳಿದ್ದು ಆ ಮನೆಯವನಿಗೆ ಹಣ ವಾಪಸು ಕೊಡಲಿಕ್ಕಲ್ಲ, ತಾನು ತಪ್ಪಿಸಿಕೊಳ್ಳಲಿಕ್ಕೆ.

ಕೋರ್ಟುಗಳು ಈ ವಾದವನ್ನೂ ತಳ್ಳಿಹಾಕಿದವು. ತಳ್ಳಿದ್ದು ಸರಿಯೇ. ಒಪ್ಪಿದ್ದರೆ ಕಳ್ಳ ನಗುತ್ತಾ ಮನೆಗೆ ಹೋಗುತ್ತಿದ್ದ. ಫಿಲಡೆಲ್ಫಿಯಾದ ವಿದ್ಯುತ್ ಕಂಪನಿಗೆ 1964ರಲ್ಲಿ ಮೂರು ಪಟ್ಟು ಲೆಕ್ಕದಲ್ಲಿ 2 ಕೋಟಿ 80 ಲಕ್ಷ ಡಾಲರಿಗೂ ಮೇಲೆ ತೀರ್ಪು ಬಂತು. ಅದಾದ ಮೇಲೆ ಕಂಪನಿಗಳು ಸಾಲುಸಾಲಾಗಿ ರಾಜಿಗೆ ಬಂದವು. ಒಟ್ಟು ಕೊಟ್ಟದ್ದು 40 ಕೋಟಿ ಡಾಲರಿಗೂ ಮೀರಿತ್ತು ಎಂಬ ಅಂದಾಜಿದೆ. ಸಣ್ಣದೇನಲ್ಲ. ಆದರೆ 1964ರಲ್ಲೇ ತೆರಿಗೆ ಇಲಾಖೆ ಇನ್ನೊಂದು ಉಪಕಾರ ಮಾಡಿತು. ಈ ಪರಿಹಾರದ ಹಣವನ್ನು ವ್ಯಾಪಾರದ ಮಾಮೂಲಿ ಖರ್ಚು ಅಂತ ಲೆಕ್ಕಕ್ಕೆ ಹಾಕಬಹುದು ಅಂದಿತು! ಅಂದರೆ ಕಂಪನಿ ಕೊಟ್ಟ ಹಣದಲ್ಲಿ ಅರ್ಧದ ಹತ್ತಿರ ತೆರಿಗೆಯಲ್ಲಿ ಉಳಿಯಿತು. ಆ ಕೊರತೆ ಯಾರ ತಲೆಗೆ? ಮತ್ತೆ ಜನರ ತಲೆಗೇ. 1969ರಲ್ಲಿ ಕಾಂಗ್ರೆಸ್ ಇದನ್ನು ಸ್ವಲ್ಪ ಬಿಗಿ ಮಾಡಿತು, ಅಷ್ಟರಲ್ಲಿ ಹಬ್ಬ ಮುಗಿದಿತ್ತು.

ಆಮೇಲೆ ಏನಾಯಿತು? 1968ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ನೇರವಾಗಿ ಕೊಂಡವನೇ ಪೂರ್ತಿ ಪರಿಹಾರ ಕೇಳಬಹುದು ಅಂತ ಒಂದು ಚಪ್ಪಲಿ ಕಂಪನಿಯ ಕೇಸಿನಲ್ಲಿ ಗಟ್ಟಿ ಮಾಡಿತು. 1977ರಲ್ಲಿ ಕಾಂಕ್ರೀಟ್ ಬ್ಲಾಕುಗಳ ಕೇಸಿನಲ್ಲಿ ಅದರ ಇನ್ನೊಂದು ಮುಖ ತೋರಿಸಿತು: ನೇರವಾಗಿ ಕೊಳ್ಳದವನು, ಕೊನೆಗೆ ಹೊರೆ ಹೊತ್ತವನೇ ಆದರೂ, ಆ ಕೇಂದ್ರ ಕಾನೂನಿನಲ್ಲಿ ಪರಿಹಾರ ಕೇಳುವಂತಿಲ್ಲ. ಆಗ ಸೋತು ವಾಪಸು ಹೋದದ್ದು ಇಲಿನಾಯ್ ರಾಜ್ಯ ಸರ್ಕಾರವೇ. ಅಲ್ಲಿಯ ಕೆಲವು ರಾಜ್ಯಗಳು ಆಮೇಲೆ ತಮ್ಮದೇ ಕಾನೂನು ಮಾಡಿ ಜನರಿಗೆ ಬಾಗಿಲು ತೆರೆದವು.

ನ್ಯಾಯಾಧೀಶರ ಮಾತಿನಲ್ಲಿ ತಿರುಳಿಲ್ಲ ಅಂತ ನಾನು ಹೇಳೋದಿಲ್ಲ. ಲಕ್ಷಾಂತರ ಮನೆಗಳಿಗೆ ತಲಾ ಎಷ್ಟು ಕಾಸು ನಷ್ಟ ಅಂತ ಲೆಕ್ಕ ಹಾಕುತ್ತಾ ಕೂತರೆ ಮೊಕದ್ದಮೆ ಮುಗಿಯುವುದಿಲ್ಲ, ಹೌದು. ನೇರವಾಗಿ ಕೊಂಡವನು ಹೋರಾಡಲಿ, ಅವನ ಕೈಲಿ ಕಾಗದ ಇರುತ್ತೆ, ಹೌದು. ಆದರೆ ಅವನು ಗೆದ್ದು ತಂದ ಹಣ ಬಿಲ್ಲು ಕಟ್ಟಿದವನ ಹತ್ತಿರ ಬರಬೇಕು ಅನ್ನೋ ಒಂದು ಸಾಲನ್ನು ಕಾನೂನು ಬರೆಯಲಿಲ್ಲವಲ್ಲ? ಎರಡು ಆನೆಗಳ ವ್ಯಾಜ್ಯದಲ್ಲಿ ಹುಲ್ಲಿನ ಹೆಸರು ವಾದಕ್ಕೆ ಬಂತು, ತೀರ್ಪಿಗೆ ಬರಲಿಲ್ಲ.

ಇನ್ನು ನಮ್ಮ ಕಡೆ ನೋಡೋಣ. 2002ರ ಸ್ಪರ್ಧಾ ಕಾಯ್ದೆಯಲ್ಲಿ ಟೆಂಡರಿನ ಒಳಸಂಚು ಅಪರಾಧ ಅಂತ ಸ್ಪಷ್ಟವಾಗಿ ಬರೆದಿದೆ. 2017ರ ಜನವರಿಯಲ್ಲಿ ಸ್ಪರ್ಧಾ ಆಯೋಗ ಒಂದು ಆದೇಶ ಕೊಟ್ಟಿತು. ರೈಲ್ವೆ ಇಲಾಖೆಗೂ ನಮ್ಮ ಬೆಂಗಳೂರಿನ ಬಿಇಎಂಎಲ್‌ಗೂ ಫ್ಯಾನು ಮಾರುವ ಟೆಂಡರಿನಲ್ಲಿ ಮೂರು ಕಂಪನಿ ಕೂಡಿಕೊಂಡು ದರ ಹಾಕಿದ್ದವು. ಆಯೋಗ ದಂಡ ಹಾಕಿತು. ಗುಟ್ಟು ಬಿಟ್ಟುಕೊಟ್ಟ ಕಂಪನಿಗೆ ದಂಡದಲ್ಲಿ ನೂರಕ್ಕೆ 75 ಮಾಫಿ ಆಯಿತು. ಅದೇ ಹರಾಜು, ಅದೇ ವಿದ್ಯೆ. ಆ ರೈಲಿನ ಜನರಲ್ ಬೋಗಿಯಲ್ಲಿ ನಿಂತು ಹೋಗುವವರು ನಾವೇ.

ಈಗ ಎರಡು ಕಾನೂನುಗಳನ್ನು ಪಕ್ಕಪಕ್ಕ ಇಟ್ಟು ಓದಿ. ಗುಡಿಸಲಿನವನು ಕಂಬಕ್ಕೆ ಕೊಕ್ಕೆ ಹಾಕಿ ಒಂದು ಬಲ್ಬು ಉರಿಸಿದರೆ 2003ರ ವಿದ್ಯುತ್ ಕಾಯ್ದೆಯ 135ನೇ ಕಲಮಿನಲ್ಲಿ ಮೂರು ವರ್ಷದವರೆಗೆ ಜೈಲು ಹಾಕಬಹುದು. ಕಂಪನಿಗಳು ಕೂಡಿಕೊಂಡು ಇಡೀ ಇಲಾಖೆಯ ಟೆಂಡರನ್ನೇ ನುಂಗಿದರೆ ಸ್ಪರ್ಧಾ ಕಾಯ್ದೆಯಲ್ಲಿ ಅದಕ್ಕೆ ದಂಡ ಉಂಟು, ಜೈಲು ಇಲ್ಲ. ಅಮೆರಿಕದ ಆ 30 ದಿನವೂ ಇಲ್ಲ! ಕೊಕ್ಕೆ ಹಾಕುವುದು ಸರಿ ಅಂತ ನಾನು ಹೇಳುತ್ತಿಲ್ಲ. ತಕ್ಕಡಿ ಯಾರ ಕಡೆ ವಾಲಿದೆ ಅಂತ ಕೇಳುತ್ತಿದ್ದೇನೆ.

ಆದರೂ ನಮ್ಮ ಕಾಯ್ದೆಯಲ್ಲಿ ಒಂದು ಕಿಂಡಿ ಇದೆ. 53ಎನ್ ಕಲಮಿನ ಪ್ರಕಾರ, ಆಯೋಗ ತಪ್ಪು ಎತ್ತಿಹಿಡಿದ ಮೇಲೆ ಸರ್ಕಾರ, ನಗರಸಭೆ, ಕಂಪನಿ, ಯಾವ ವ್ಯಕ್ತಿಯೇ ಆಗಲಿ ಆದ ನಷ್ಟಕ್ಕೆ ಪರಿಹಾರ ಕೇಳಬಹುದು. ಬಹಳ ಜನರ ಪರವಾಗಿ ಅನುಮತಿ ಪಡೆದು ಒಬ್ಬರೇ ಹೋಗಬಹುದು. ಮೂರು ಪಟ್ಟು ಇಲ್ಲ, ನಷ್ಟದಷ್ಟೇ. ಕಿಂಡಿ ಸಣ್ಣದು, ದೂರವೂ ಇದೆ. ಆದರೆ ಕಿಂಡಿ ಇದೆ ಅಂತ ಗೊತ್ತಿಲ್ಲದವನಿಗೆ ಅದು ಗೋಡೆಯೇ.

ನನ್ನ ಬೇಡಿಕೆ ಮೂರು. ಒಂದು, ಸರ್ಕಾರಿ ಸಂಸ್ಥೆ, ನಗರಸಭೆ, ವಿದ್ಯುತ್ ಕಂಪನಿ ಇಂಥ ಸಂಚಿನಲ್ಲಿ ಮೋಸ ಹೋದರೆ ಪರಿಹಾರದ ದಾವೆ ಹಾಕುವುದು ಕಡ್ಡಾಯ ಆಗಬೇಕು. ಸುಮ್ಮನೆ ಕೂತ ಅಧಿಕಾರಿ ಉತ್ತರ ಹೇಳಬೇಕು. ಎರಡು, ಬಂದ ಹಣ ಜನರ ಬಿಲ್ಲಿನಲ್ಲಿ ಕಡಿತವಾಗಿ ಕಾಣಬೇಕು. ಮೂರು, ಪ್ರತಿ ಟೆಂಡರಿನಲ್ಲಿ ಯಾರು ಯಾವ ದರ ಹಾಕಿದರು ಅನ್ನೋ ಪಟ್ಟಿ, ಗೆದ್ದವನದೂ ಸೋತವರದೂ, ಯಾರೂ ಕೇಳದೆಯೇ ನೋಟೀಸು ಬೋರ್ಡಿಗೆ ಬರಬೇಕು.

ಮೂರನೆಯದಕ್ಕೆ ಕಾಯುತ್ತಾ ಕೂರಬೇಡಿ. ಟೆನೆಸ್ಸಿಯ ಸಂಚು ಹೊರಬಂದದ್ದು ಒಬ್ಬ ವರದಿಗಾರ ಬೇಸರವಿಲ್ಲದೆ ಪಟ್ಟಿ ಓದಿದ್ದರಿಂದ. ನಮ್ಮ ರಾಜ್ಯದಲ್ಲಿ ಸಾರ್ವಜನಿಕ ಖರೀದಿಯ ಪಾರದರ್ಶಕತೆಗೆ 1999ರ ಕಾಯ್ದೆ ಇದೆ. ಮಾಹಿತಿ ಹಕ್ಕಿಗೆ 2005ರ ಕಾಯ್ದೆ ಇದೆ. ನಿಮ್ಮ ಹಾಸ್ಟೆಲಿನ ಅಕ್ಕಿ, ಬೇಳೆ, ಹಾಸಿಗೆ, ಟ್ಯೂಬ್‌ಲೈಟಿನ ಟೆಂಡರಿಗೆ ಎಷ್ಟು ಜನ ದರ ಹಾಕಿದರು? ಮೂರು ವರ್ಷದಿಂದ ಅದೇ ಮೂವರೇನಾ? ಅವರ ದರಗಳು ಎಷ್ಟು ಹತ್ತಿರ? ಸೋತವನು ಮುಂದಿನ ವರ್ಷ ಗೆಲ್ಲುತ್ತಾನೋ? ಒಂದು ಅರ್ಜಿ ಬರೆಯಿರಿ, ಹತ್ತು ರೂಪಾಯಿ ಶುಲ್ಕ ಕಟ್ಟಿ. ಬಂದ ಕಾಗದವನ್ನು ರೂಮಿನಲ್ಲಿ ನಾಲ್ಕು ಜನ ಕೂತು ಓದಿ, ಪಟ್ಟಿ ಮಾಡಿ, ವರ್ಷಕ್ಕೆ ವರ್ಷ ಹೋಲಿಸಿ. ಅಂಕಿ ಒಂದೇ ಥರ ಕಂಡರೆ ಅದನ್ನು ಬರೆದು ಎಲ್ಲರಿಗೂ ತಿಳಿಸಿ.

ನಮ್ಮ ಅಪ್ಪಂದಿರಿಗೆ ಲೆಕ್ಕದ ಪುಸ್ತಕ ತೋರಿಸದೆ ತಲೆತಲಾಂತರ ಸಾಲ ಬರೆಸಿಕೊಂಡರು. ನಮಗೆ ಅಕ್ಷರ ಬಂದಿದೆ. ಈಗ ಪುಸ್ತಕ ತೆಗೆಸಿ ಓದಬೇಕಾದವರು ನಾವು.