ಎರಡನೆಯ ತಪ್ಪು

ತಪ್ಪು ಮಾಡಿದ ಬಾಲಕನನ್ನು ಸಮಾಜವು ಒಮ್ಮೆ ಕ್ಷಮಿಸುತ್ತದೆ. ಎರಡನೆಯ ಸಲ ಅವನೇ ಸಿಕ್ಕಿಬಿದ್ದರೆ, ನಾಯಿಬಾಲ ಎಂದಿಗೂ ಡೊಂಕೆಂದು ತೀರ್ಪಿತ್ತು ಕೈತೊಳೆದುಕೊಳ್ಳುತ್ತದೆ. ಆ ಎರಡನೆಯ ತಪ್ಪಿನಲ್ಲಿ ಸುತ್ತಲಿನ ಹಿರಿಯರ ಪಾಲೆಷ್ಟು ಎಂಬುದನ್ನು ತೂಗಿ ನೋಡುವವರು ವಿರಳ.

1841ರಲ್ಲಿ ಅಮೆರಿಕದ ಬಾಸ್ಟನ್ ನಗರದ ನ್ಯಾಯಾಲಯದಲ್ಲಿ, ಪಾದರಕ್ಷೆಗಳನ್ನು ತಯಾರಿಸುತ್ತಿದ್ದ ಜಾನ್ ಆಗಸ್ಟಸ್ ಎಂಬಾತನು ಕುಡುಕನೊಬ್ಬನಿಗೆ ಜಾಮೀನು ನಿಂತನು. ಮುಂದೆ ಅನೇಕ ಬಾಲಕರಿಗೂ ನಿಂತನು. ಜಾಮೀನು ಕೊಟ್ಟು ಅವನು ಸುಮ್ಮನಾಗಲಿಲ್ಲ. ನೆಲೆಯಿಲ್ಲದವರಿಗೆ ನೆಲೆ ಹುಡುಕಿದನು, ಕೆಲಸವನ್ನೋ ಶಾಲೆಯನ್ನೋ ದೊರಕಿಸಿದನು. ಇಂದಿನ ಪರಿವೀಕ್ಷಣೆಯ ಮೂಲವಿದು. ಅಂದು ಒಬ್ಬನೇ ಮಾಡಿದ ಕೆಲಸ ಇಂದು ಹಲವು ಇಲಾಖೆಗಳಲ್ಲಿ ಹಂಚಿಹೋಗಿದೆ.

ಭಾರತದ 2015ರ ಬಾಲ ನ್ಯಾಯ ಕಾಯಿದೆಯಂತೆ 18 ವರ್ಷ ತುಂಬದವನನ್ನು ಠಾಣೆಯ ಬಂದೀಖಾನೆಯಲ್ಲಾಗಲಿ ಸೆರೆಮನೆಯಲ್ಲಾಗಲಿ ಇಡುವಂತಿಲ್ಲ. ಬಾಲ ನ್ಯಾಯ ಮಂಡಳಿಯು ಅವನನ್ನು ಸನ್ನಡತೆಯ ಮುಚ್ಚಳಿಕೆಯ ಮೇಲೆ, 3 ವರ್ಷಗಳಿಗೆ ಮೀರದಂತೆ, ತಂದೆತಾಯಿಗಳಿಗೆ ಒಪ್ಪಿಸಬಹುದು. ಶಾಲೆಗೆ ಹೋಗಬೇಕು, ಕಸುಬು ಕಲಿಯಬೇಕು, ಚಟ ಬಿಡಿಸುವ ಚಿಕಿತ್ಸೆ ಪಡೆಯಬೇಕು ಎಂದೂ ವಿಧಿಸಬಹುದು. ಕಾಯಿದೆ ಉದಾರವಾಗಿದೆ. ತೊಡಕಿರುವುದು ಅದು ಹಳ್ಳಿಗೆ ತಲಪುವ ದಾರಿಯಲ್ಲಿ.

ಬೆಳಗಾವಿ ಜಿಲ್ಲೆಯ ಮೂಡಲಗಿಯ ಕಡೆಗೆ ಇಂಥ ಬಾಲಕನೊಬ್ಬನು ಮರಳಿದನೆಂದು ಭಾವಿಸಬಹುದು. ಜಿಲ್ಲಾ ಮಕ್ಕಳ ರಕ್ಷಣಾ ಘಟಕವಿರುವುದು ಬೆಳಗಾವಿಯಲ್ಲಿ. ಗೋಕಾಕದಿಂದಲೇ ಅದು 60 ಕಿಲೋಮೀಟರಿಗೂ ಹೆಚ್ಚು ದೂರ. ಮೂಡಲಗಿ ಇನ್ನೂ ಆಚೆ. ಹೋಗಿಬರಲು ತಂದೆ ಒಂದು ದಿನದ ಕೂಲಿ ಬಿಡಬೇಕು. ಕಬ್ಬಿನ ಹಂಗಾಮಿನಲ್ಲಂತೂ ತಂದೆತಾಯಿಗಳಿಬ್ಬರೂ ನಸುಕಿನಲ್ಲೇ ಹೊಲಕ್ಕೆ ನಡೆಯುತ್ತಾರೆ. ಬಾಲಕ ಶಾಲೆ ಬಿಟ್ಟದ್ದು ಮುಖ್ಯೋಪಾಧ್ಯಾಯರಿಗೆ ಗೊತ್ತು, ಪರಿವೀಕ್ಷಣಾಧಿಕಾರಿಗೆ ಗೊತ್ತಿಲ್ಲ. ಕುಡಿತ ಕಲಿತದ್ದು ವೈದ್ಯರಿಗೆ ಗೊತ್ತು, ಶಾಲೆಗೆ ಗೊತ್ತಿಲ್ಲ. ರಾತ್ರಿ ಯಾರೊಡನೆ ತಿರುಗುತ್ತಾನೆಂಬುದು ಪೊಲೀಸ್ ಪೇದೆಗೆ ಗೊತ್ತು, ತಾಯಿಗೆ ಗೊತ್ತಿಲ್ಲ. ಪ್ರತಿಯೊಬ್ಬರೂ ತಮ್ಮ ಪಾಲಿನ ಕರ್ತವ್ಯ ಮಾಡಿದ್ದಾರೆ. ಬಾಲಕ ಮಾತ್ರ ನಡುವಣ ಸಂದಿನಲ್ಲಿ ಜಾರಿಬಿದ್ದಿದ್ದಾನೆ. ಹಿಡಕಲ್ ಜಲಾಶಯದಲ್ಲಿ ಎಷ್ಟೇ ನೀರು ನಿಂತರೂ ಹೊಲಗಾಲುವೆ ಒಡೆದಿದ್ದರೆ ಬೆಳೆ ಒಣಗುವುದೆಂದು ಈ ಸೀಮೆಯ ರೈತನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಕೂಡಿ ದುಡಿಯುವುದು ಇಲ್ಲಿಯ ಜನಕ್ಕೆ ಹೊಸದಲ್ಲ. 1969ರಲ್ಲಿ ಸ್ಥಾಪನೆಯಾದ ಹುಕ್ಕೇರಿಯ ಗ್ರಾಮೀಣ ವಿದ್ಯುತ್ ಸಹಕಾರ ಸಂಘವು ಹಳ್ಳಿಗಳಿಗೆ ವಿದ್ಯುತ್ತನ್ನು ಒಯ್ದಿತು. ದೀಪಕ್ಕಾಗಿ ಕೂಡಿದವರು ಮಕ್ಕಳಿಗಾಗಿ ಕೂಡಲಾರರೇ? ತಾಲ್ಲೂಕಿಗೊಂದು ತಂಡ ಸಾಕು. ಪರಿವೀಕ್ಷಣಾಧಿಕಾರಿ, ಮುಖ್ಯೋಪಾಧ್ಯಾಯರು, ವೈದ್ಯರು, ಕಸುಬು ಕಲಿಸುವವರೊಬ್ಬರು ತಿಂಗಳಿಗೊಮ್ಮೆ ಒಂದೆಡೆ ಕುಳಿತು ಪ್ರತಿಯೊಬ್ಬ ಬಾಲಕನ ವಿಷಯವನ್ನೂ ವಿಚಾರಿಸಬೇಕು. ಅವರಲ್ಲಿ ಒಬ್ಬರು ಅವನಿಗೆ ಹತ್ತಿರದವರಾಗಿರಬೇಕು. ಮೂರು ದಿನ ಅವನು ಶಾಲೆಗೆ ಬಾರದಿದ್ದರೆ ಅಂದು ಸಂಜೆಯೇ ಅವನ ಮನೆಯ ಬಾಗಿಲು ತಟ್ಟಬೇಕು.

ಕಳವಿಗೊಳಗಾದ ಅಂಗಡಿಯವನ ನಷ್ಟವನ್ನು ಮರೆತು ಇದನ್ನು ಹೇಳುವುದು ನ್ಯಾಯವಲ್ಲ. ಅವನ ಕೋಪ ಸಹಜವಾದುದು. ಆದರೆ ಬಾಲಕನನ್ನು ದೂರದ ವಿಶೇಷ ಗೃಹಕ್ಕೆ ಕಳುಹಿಸಿದರೂ ಒಂದು ದಿನ ಅವನು ಮರಳುವುದು ಅದೇ ಬೀದಿಗೆ, ಅದೇ ಅಂಗಡಿಯ ಮುಂದಕ್ಕೆ.

ಒಂದು ಎಚ್ಚರ ಮಾತ್ರ ಅಗತ್ಯ. ಇಂಥ ಮಕ್ಕಳ ಹೆಸರನ್ನು ಪತ್ರಿಕೆಗಳಲ್ಲಿ ಪ್ರಕಟಿಸುವುದನ್ನು ಕಾಯಿದೆ ನಿಷೇಧಿಸಿದೆ. ಆದರೆ ಊರಿನ ಕಟ್ಟೆಗೆ ಪತ್ರಿಕೆ ಬೇಕಿಲ್ಲ. ಸಂತೆಯಲ್ಲಿ ‘ಕಳ್ಳ’ ಎಂದು ಕೂಗಿಸಿಕೊಂಡವನು ಶಾಲೆಯ ಮೆಟ್ಟಿಲನ್ನು ಮತ್ತೆ ಹತ್ತಲಾರ. ಆದುದರಿಂದ ತಂಡ ಚಿಕ್ಕದಾಗಿರಬೇಕು, ಅಲ್ಲಿ ಆಡಿದ ಮಾತು ಅಲ್ಲಿಯೇ ಉಳಿಯಬೇಕು. ತರಗತಿಯಲ್ಲಿ ಪಕ್ಕದಲ್ಲಿ ಕುಳಿತ ಸಹಪಾಠಿಗೆ ಅವನು ಹೊಸದಾಗಿ ಸೇರಿದ ಇನ್ನೊಬ್ಬ ವಿದ್ಯಾರ್ಥಿ, ಅಷ್ಟೇ.