ಹೆಸರಿನಲ್ಲಿ ಸೇರದೆ ಉಳಿದ ಅರ್ಧ

ಇಂಗ್ಲಿಷರ ಕಾಯದೆಯಲ್ಲಿಯೂ ಪಾರ್ಲಿಮೆಂಟಿನ ವ್ಯವಹಾರದಲ್ಲಿಯೂ ಹುಟ್ಟಿ ಬೆಳೆದ ಪಾರಿಭಾಷಿಕ ಶಬ್ದಗಳು ನಮ್ಮ ವಾಚಕರಿಗೆ ಅಪರಿಚಿತವಾದವುಗಳಲ್ಲ. ವೃತ್ತಪತ್ರಗಳಲ್ಲಿ ಅವು ಮೇಲಿಂದಮೇಲೆ ಕಣ್ಣಿಗೆ ಬೀಳುತ್ತವೆ. ಶಾಲೆಯ ಪುಸ್ತಕಗಳಲ್ಲಿಯೂ ಸೇರಿವೆ. ಆದರೆ ಶಬ್ದದ ಪರಿಚಯ ಬೇರೆ, ಅರ್ಥದ ತಿಳಿವಳಿಕೆ ಬೇರೆ. ಹೇಬಿಯಸ್ ಕಾರ್ಪಸ್ ಎಂದರೇನೆಂದು ಕೇಳಿದರೆ, ಓದಿದವರಲ್ಲಿಯೂ ಬಹುಮಂದಿ ‘ದೇಹವನ್ನು ಹಾಜರುಪಡಿಸುವುದು’ ಎಂದು ಹೇಳಿ ಸುಮ್ಮನಾಗುತ್ತಾರೆ. ಉತ್ತರವು ತಪ್ಪಲ್ಲ, ಅರ್ಧವಾದುದು. ಆ ಅರ್ಧವನ್ನೇ ಪೂರ್ಣವೆಂದು ತಿಳಿದು ನಡೆಯುವುದರಿಂದ ಪ್ರಜಾವರ್ಗಕ್ಕೆ ಒದಗುವ ಹಾನಿಯು ಅಲ್ಪವಾದುದಲ್ಲವೆಂದು ನಮ್ಮ ಅಭಿಪ್ರಾಯ.

ಈ ಎರಡು ಮಾತುಗಳು ಲ್ಯಾಟಿನ್ ಭಾಷೆಯ ಒಂದು ಆಜ್ಞಾಪತ್ರದಿಂದ ಆಯ್ದವು. ಕೈದಿಯನ್ನು ಮಾತ್ರ ತಾ ಎಂದು ಆ ಪತ್ರವು ಜೈಲರನಿಗೆ ಹೇಳುವುದಿಲ್ಲ; ಅವನನ್ನು ಹಿಡಿದ ದಿನವನ್ನೂ ಹಿಡಿದಿಟ್ಟ ಕಾರಣವನ್ನೂ ಕೂಡಿಯೇ ತಂದು ಒಪ್ಪಿಸೆಂದು ಹೇಳುತ್ತದೆ. ‘ದಿನ ಮತ್ತು ಕಾರಣ’ ಎಂಬೀ ಮಾತುಗಳೇ ಪತ್ರದ ಜೀವ. ಇವಿಲ್ಲದಿದ್ದರೆ ಬಂದವನನ್ನು ನ್ಯಾಯಾಧೀಶರು ಕಣ್ತುಂಬ ನೋಡಿ ತಿರುಗಿ ಸೆರೆಮನೆಗೆ ಕಳುಹಿಸಬಹುದಷ್ಟೆ! ಜೈಲರನು ಸಲ್ಲಿಸುವ ಉತ್ತರಕ್ಕೆ ‘ರಿಟರ್ನ್’ ಎಂದು ಹೆಸರು. ಅದರಲ್ಲಿ ಹೇಳಿದ ಕಾರಣವು ಕಾಯದೆಗೆ ಸಾಲುವುದೋ ಸಾಲದೋ ಎಂಬಲ್ಲಿಯೇ ಎಲ್ಲ ವಾದವೂ ನಿಂತಿರುತ್ತದೆ.

ಇದು ಬರಿಯ ವಕೀಲರ ಸೂಕ್ಷ್ಮವೆಂದು ತಿಳಿಯುವವರು 1627ನೆಯ ಇಸವಿಯ ಸಂಗತಿಯನ್ನು ಲಕ್ಷ್ಯಕ್ಕೆ ತಂದುಕೊಳ್ಳಬೇಕು. ಒಂದನೆಯ ಚಾರ್ಲ್ಸ್ ಅರಸನು ಪಾರ್ಲಿಮೆಂಟಿನ ಒಪ್ಪಿಗೆಯಿಲ್ಲದೆ ಬಲವಂತದ ಸಾಲವನ್ನೆತ್ತಲು ಹೊರಟನು. ‘ಸಾಲ’ ಎಂಬ ಹೆಸರೇನೋ ಸೌಮ್ಯವಾದುದು, ಕೊಡದಿದ್ದವರಿಗೆ ಸೆರೆಮನೆ. ಹಾಗೆ ಸೆರೆಗೆ ಬಿದ್ದವರಲ್ಲಿ ಡಾರ್ನೆಲ್ ಮೊದಲಾದ ಐವರು ನೈಟ್ ಪದವಿಯವರು ಹೇಬಿಯಸ್ ಕಾರ್ಪಸ್ ಬೇಡಿದರು. ಆಜ್ಞಾಪತ್ರವು ಹೊರಟಿತು, ಕೈದಿಗಳು ಬಂದು ನಿಂತರು, ಉತ್ತರವೂ ಬಂದಿತು. ಅರಸನ ವಿಶೇಷ ಅಪ್ಪಣೆಯ ಮೇರೆಗೆ ಇವರನ್ನು ಹಿಡಿದಿದೆ ಎಂಬಿಷ್ಟೇ ಆ ಉತ್ತರದ ತಾತ್ಪರ್ಯ. ಅಪರಾಧ ಯಾವುದು? ಹೇಳಲಿಲ್ಲ. ಕೈದಿಗಳ ಪರವಾಗಿ ನಿಂತ ವಕೀಲರಲ್ಲಿ ಜಾನ್ ಸೆಲ್ಡನ್‌ನಂಥ ವಿದ್ವಾಂಸನಿದ್ದನು. ಆದರೂ ನ್ಯಾಯಾಧೀಶರು ಅವರನ್ನು ಜಾಮೀನಿನ ಮೇಲೆ ಬಿಡಲಿಲ್ಲ, ತಿರುಗಿ ಸೆರೆಗೆ ಕಳುಹಿಸಿದರು. ದೇಹವು ಹಾಜರಾಗಿದ್ದಿತು, ಕಾರಣವು ಹಾಜರಾಗಲಿಲ್ಲ. ಮರುವರ್ಷ, 1628ರಲ್ಲಿ, ಪಾರ್ಲಿಮೆಂಟು ‘ಪೆಟಿಶನ್ ಆಫ್ ರೈಟ್’ ಎಂಬ ಹಕ್ಕಿನ ಮನವಿಯಲ್ಲಿ ಈ ಅನ್ಯಾಯವನ್ನೇ ಎತ್ತಿ ತೋರಿಸಿ, ಕಾರಣ ಹೇಳದೆ ಯಾರನ್ನೂ ಸೆರೆಯಲ್ಲಿಡಕೂಡದೆಂದು ಅರಸನಿಂದ ಒಪ್ಪಿಗೆ ಪಡೆಯಿತು. ಮನವಿಯೆಂಬ ಹೆಸರಿದ್ದರೂ ಅದು ಬೇಡಿಕೆಯಲ್ಲ. ಇದ್ದ ಹಕ್ಕನ್ನು ನೆನಪಿಗೆ ತಂದುಕೊಟ್ಟ ಪತ್ರ. ಇಂಗ್ಲಿಷರ ಶಬ್ದಗಳಲ್ಲಿ ಇಂಥ ವಿನಯವು ಬಹಳ, ಅದರಿಂದ ಮೋಸಹೋಗಬಾರದು.

ಒಪ್ಪಿಗೆಯಿಂದ ಕಾರ್ಯವು ಮುಗಿಯಲಿಲ್ಲ. ಎರಡನೆಯ ಚಾರ್ಲ್ಸನ ಕಾಲದಲ್ಲಿ ಪಾರ್ಲಿಮೆಂಟನ್ನು 1675ರ ನವೆಂಬರದಿಂದ 1677ರ ಫೆಬ್ರುವರಿಯ ವರೆಗೆ ‘ಪ್ರೊರೋಗ್’ ಮಾಡಿಡಲಾಯಿತು. ಎಂದರೆ ಸಭೆಯನ್ನು ವಿಸರ್ಜಿಸದೆಯೇ ಅಧಿವೇಶನವನ್ನು ಮುಗಿಸಿ ಸಭಾಸದರನ್ನು ಮನೆಗೆ ಕಳುಹಿಸಿದರು. ಹೊಸ ಪಾರ್ಲಿಮೆಂಟನ್ನು ಕರೆಯಬೇಕೆಂದು 1676ರಲ್ಲಿ ಲಂಡನ್ನಿನ ಪುರಭವನದಲ್ಲಿ ಭಾಷಣ ಮಾಡಿದ ಜೆಂಕ್ಸ್ ಎಂಬ ವ್ಯಾಪಾರಿಯು ಸೆರೆಮನೆ ಸೇರಿದನು. ಅವನು ಹೇಬಿಯಸ್ ಕಾರ್ಪಸ್ ಕೇಳಿದಾಗ ದೊರೆತ ಉತ್ತರವು, ಇದು ಕೋರ್ಟಿನ ರಜೆಯ ಕಾಲ ಎಂದು! ರಜೆಯೆಂಬ ಶಬ್ದದ ಸವಿಯನ್ನು ನಮ್ಮ ಉಪಾಧ್ಯಾಯ ಬಂಧುಗಳಿಗೆ ವಿವರಿಸಬೇಕಾದುದಿಲ್ಲ. ಆದರೆ ಅದೇ ಶಬ್ದವು ಜೆಂಕ್ಸನ ಪಾಲಿಗೆ ಬೀಗವಾಯಿತು.

ಆ ಬೀಗವನ್ನು ಒಡೆದುದು 1679ರ ಹೇಬಿಯಸ್ ಕಾರ್ಪಸ್ ಕಾಯದೆ. ಈ ಹಕ್ಕು ಆ ಕಾಯದೆಯಿಂದಲೇ ಹುಟ್ಟಿತೆಂದು ಹಲವರು ಬರೆಯುತ್ತಾರೆ, ಅದು ಸರಿಯಲ್ಲ. ಆಜ್ಞಾಪತ್ರವು ಅದಕ್ಕಿಂತ ಬಹು ಹಳೆಯದು. ಕಾಯದೆಯು ಮಾಡಿದುದು ನುಣುಚಿಕೊಳ್ಳುವ ದಾರಿಗಳನ್ನು ಮುಚ್ಚುವ ಕೆಲಸವನ್ನು. ಸೆರೆಮನೆಯು ಇಪ್ಪತ್ತು ಮೈಲುಗಳೊಳಗಿದ್ದರೆ ಮೂರು ದಿನ, ನೂರು ಮೈಲುಗಳೊಳಗಿದ್ದರೆ ಹತ್ತು ದಿನ, ಅದಕ್ಕೂ ದೂರವಿದ್ದರೆ ಇಪ್ಪತ್ತು ದಿನಗಳಲ್ಲಿ ಉತ್ತರ ಬರಬೇಕು. ರಜೆಯಲ್ಲಿ ಆಜ್ಞಾಪತ್ರವನ್ನು ನಿರಾಕರಿಸಿದ ನ್ಯಾಯಾಧೀಶನು ಕೈದಿಗೆ 500 ಪೌಂಡು ತೆರಬೇಕು. ಕೈದಿಯನ್ನು ಕಡಲಾಚೆ ಸಾಗಿಸಿ ಕೋರ್ಟಿನ ಕೈಗೆ ಸಿಕ್ಕದಂತೆ ಮಾಡಕೂಡದು. ಸ್ವಾತಂತ್ರ್ಯವನ್ನು ಕುರಿತ ಭವ್ಯವಾದ ವಾಕ್ಯಗಳಿಗಿಂತ ಈ ಮೈಲು, ದಿನ, ಪೌಂಡುಗಳ ಲೆಕ್ಕವೇ ಹೆಚ್ಚಿನದೆಂದು ನಾವು ಎಣಿಸುತ್ತೇವೆ.

ನಮ್ಮ ಸಂವಿಧಾನದ 32ನೆಯ ಅನುಚ್ಛೇದದಲ್ಲಿ ಈ ಲ್ಯಾಟಿನ್ ಹೆಸರೇ ಕುಳಿತಿದೆ. ‘ಬಂದೀಪ್ರತ್ಯಕ್ಷೀಕರಣ’ ಎಂದು ಅದನ್ನು ದೇಶಭಾಷೆಗೆ ತಿರುಗಿಸಿದವರ ಶ್ರಮವನ್ನು ನಾವು ಹಳಿಯುವುದಿಲ್ಲ. ಆದರೆ ಅಲ್ಲಿಯೂ ಪ್ರತ್ಯಕ್ಷವಾಗುವವನು ಬಂದಿಯೇ ಹೊರತು ಕಾರಣವಲ್ಲ. ಇದರ ಫಲವನ್ನು ದೇಶವು ಕಂಡಿದೆ. 1975ರ ತುರ್ತುಪರಿಸ್ಥಿತಿಯಲ್ಲಿ ಬೆಂಗಳೂರಿನಲ್ಲಿ ಸೆರೆಯಾದ ಅಡ್ವಾಣಿ, ಮಧು ದಂಡವತೆ ಮೊದಲಾದವರು ಕರ್ನಾಟಕದ ಹೈಕೋರ್ಟಿನಲ್ಲಿ ಇದೇ ಆಜ್ಞಾಪತ್ರವನ್ನು ಬೇಡಿದರು. ಇಂಥ ಅರ್ಜಿಗಳು ನಡೆಯುತ್ತವೆಯೇ ಎಂಬ ಪ್ರಶ್ನೆಯು ಹೈಕೋರ್ಟುಗಳಿಂದ ಸುಪ್ರೀಂ ಕೋರ್ಟಿಗೆ ಹೋಯಿತು. 1976ರ ಏಪ್ರಿಲ್ 28ರಂದು ಐವರು ನ್ಯಾಯಾಧೀಶರಲ್ಲಿ ನಾಲ್ವರು ನಡೆಯುವುದಿಲ್ಲವೆಂದರು. ಹೆಸರು ಸಂವಿಧಾನದಲ್ಲಿ ಅಳಿಯದೆ ಇದ್ದಿತು; ಕಾರಣ ಕೇಳುವ ಅಧಿಕಾರವು ಮಾತ್ರ ಇರಲಿಲ್ಲ. 1627ರ ಉತ್ತರಕ್ಕೂ ಇದಕ್ಕೂ ಎಷ್ಟು ಅಂತರ? ಒಪ್ಪದೆ ನಿಂತವರು ಎಚ್. ಆರ್. ಖನ್ನಾ ಒಬ್ಬರೇ. ಆ ತೀರ್ಪನ್ನು ಸುಪ್ರೀಂ ಕೋರ್ಟೇ ತಳ್ಳಿಹಾಕಿದುದು 2017ರಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರಾದ ಪುಟ್ಟಸ್ವಾಮಿಯವರು ಹೂಡಿದ ದಾವೆಯಲ್ಲಿ.